ಡಿಸ್ಕ್ ಮಾಯವಾದರೆ ಡಿಸ್ಕನ್ನೇ ಬೈಯಬೇಡಿ

ಪ್ರಶ್ನೆ: ಹಳೇ ಆಫೀಸ್ ಡೆಸ್ಕ್‌ಟಾಪ್‌ಗೆ ಟ್ರೂನ್ಯಾಸ್ (ಫೈಲ್ ಸರ್ವರ್‌ಗೆಂದೇ ಇರುವ ಆಪರೇಟಿಂಗ್ ಸಿಸ್ಟಮ್) ಹಾಕಿ ಮನೆಗೆ ಫೈಲ್ ಸರ್ವರ್ ಮಾಡಿಕೊಂಡಿದ್ದೇನೆ. ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಸಾಲದೆ ಎಲ್‌ಎಸ್‌ಐ 9211-8ಐ ಎಂಬ, ಇನ್ನಷ್ಟು ಡಿಸ್ಕ್ ಜೋಡಿಸಲು ಬರುವ ಕಾರ್ಡನ್ನು ಸೆಕೆಂಡ್‌ಹ್ಯಾಂಡ್ ತಗೊಂಡೆ. ಆನ್ ಮಾಡಿದಾಗ ಎಲ್ಲಾ ಸರಿ ಇರುತ್ತದೆ. ದೊಡ್ಡ ವಿಡಿಯೊಗಳನ್ನು ಕಾಪಿ ಮಾಡಲು ಹೊರಟರೆ ಸ್ವಲ್ಪ ಹೊತ್ತಿಗೆ ಡಿಸ್ಕ್‌ಗಳು ಒಂದೊಂದಾಗಿ ಮಾಯ. ಎರಡು ಡಿಸ್ಕ್ ಬದಲಾಯಿಸಿದರೂ ಅದೇ ಕಥೆ. ಹೊಸ ಕಾರ್ಡ್ ತರಲೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತರಬೇಡಿ, ಮೊದಲು ಕೇಸ್ ತೆಗೆದು ಕಾರ್ಡಿನ ಹೀಟ್‌ಸಿಂಕ್ (ಚಿಪ್ಪಿನ ಬಿಸಿ ಹೀರುವ ಲೋಹದ ತುಂಡು) ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಸುಡಬಹುದು. ಈ ಕಾರ್ಡ್ ಹುಟ್ಟಿದ್ದು ಸರ್ವರ್ ಪೆಟ್ಟಿಗೆಗೆ. ಅಲ್ಲಿ ಫ್ಯಾನ್‌ಗಳು ಕಿವಿ ಹಾರಿಹೋಗುವಂತೆ ಗಾಳಿ ನೂಕುತ್ತಿರುತ್ತವೆ. ನಿಮಿಷಕ್ಕೆ 200 ಅಡಿ ವೇಗದಲ್ಲಾದರೂ ಗಾಳಿ ಹರಿಯಬೇಕು ಅಂತ ತಯಾರಕರೇ ಹೇಳಿದ್ದಾರೆ. ನಿಮ್ಮ ಡೆಸ್ಕ್‌ಟಾಪ್ ಕೇಸಿನ ಆ ಮೂಲೆಯಲ್ಲಿ ಗಾಳಿ ಆಡುವುದೇ ಇಲ್ಲ, ಜೊತೆಗೆ ನಿಮ್ಮೂರಿನ ಬೇಸಿಗೆ ಬೇರೆ! ಸುಮ್ನೆ ಇದ್ದಾಗ ಸರಿ, ಕೆಲಸ ಜಾಸ್ತಿಯಾದಾಗ ಕೈಕೊಡುವುದು, ಇದು ಬಿಸಿಯ ಲಕ್ಷಣ ಅಂತಲೇ ನನ್ನ ಅನುಮಾನ. ಒಂದು ಸಣ್ಣ 40 ಮಿಲಿಮೀಟರ್ ಫ್ಯಾನನ್ನು ಹೀಟ್‌ಸಿಂಕ್ ಮೇಲೆ ಕೂರಿಸಿ, ಅದೇ ವಿಡಿಯೊಗಳನ್ನು ಮತ್ತೆ ಕಾಪಿ ಮಾಡಿ. ಕಾರ್ಡ್ ಹಳೆಯದಾಗಿರುವುದರಿಂದ ಹೀಟ್‌ಸಿಂಕ್ ಕೆಳಗಿನ ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಅಂಟು) ಒಣಗಿ ಪುಡಿಯಾಗಿರಬಹುದು, ಅದನ್ನೂ ಒರೆಸಿ ಹೊಸದು ಹಚ್ಚಿ.

ಆಮೇಲೂ ಸರಿಹೋಗದಿದ್ದರೆ ಕೇಬಲ್. ಪ್ರತಿ ಡಿಸ್ಕಿನ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) 199 ಎಂಬ ಸಂಖ್ಯೆಯ ಸಾಲು ನೋಡಿ, ಅದು ಸಿಆರ್‌ಸಿ ದೋಷಗಳ, ಅಂದರೆ ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ. ಈ ಸಂಖ್ಯೆ ಸೊನ್ನೆಗೆ ವಾಪಸ್ ಬರುವುದಿಲ್ಲ, ಹಾಗಾಗಿ ಹಳೆಯ ಅಂಕಿ ಕಂಡು ಗಾಬರಿ ಬೇಡ, ಏರುತ್ತಿದೆಯಾ ಅಂತ ಮಾತ್ರ ಗಮನಿಸಿ. ಏರುತ್ತಿದ್ದರೆ ಡಿಸ್ಕಿಗೂ ಕಾರ್ಡಿಗೂ ನಡುವಿನ ದಾರಿ ಕೆಟ್ಟಿದೆ ಅಂತ ಅರ್ಥ. 5 (ಕೆಟ್ಟು ಬದಲಿ ಜಾಗಕ್ಕೆ ಹೋದವು) ಮತ್ತು 197 (ಓದಲಾಗದೆ ಬಾಕಿ ಉಳಿದವು) ಸಂಖ್ಯೆಯ ಸಾಲು ಏರಿದರೆ ಮಾತ್ರ ಡಿಸ್ಕಿನ ಮೇಲೆ ಅನುಮಾನ ಪಡಿ. ಕಾರ್ಡಿನ ಒಂದು ಪೋರ್ಟಿನಿಂದ ನಾಲ್ಕಾಗಿ ಕವಲೊಡೆಯುವ ಒಂದೇ ಕೇಬಲ್ಲಿನ ನಾಲ್ಕೂ ಡಿಸ್ಕ್ ಹೋಗುತ್ತಿದ್ದರೆ ಆ ಕೇಬಲನ್ನು ಕಾರ್ಡಿನ ಇನ್ನೊಂದು ಪೋರ್ಟಿಗೆ ಹಾಕಿ ನೋಡಿ, ತೊಂದರೆ ಕೇಬಲ್ ಜೊತೆ ಹೋಯಿತೋ ಪೋರ್ಟಿನಲ್ಲೇ ಉಳಿಯಿತೋ ಗೊತ್ತಾಗುತ್ತದೆ. ಒಂದೇ ಪವರ್ ಸ್ಪ್ಲಿಟರ್‌ಗೆ (ಒಂದು ವಿದ್ಯುತ್ ತಂತಿಯನ್ನು ಹಲವಾಗಿ ಕವಲು ಮಾಡುವ ತಂತಿ) ಎಲ್ಲಾ ಡಿಸ್ಕ್ ನೇತುಹಾಕಿದ್ದರೆ ಅದನ್ನೂ ಬಿಡಿಸಿ.

ಇನ್ನು ಫರ್ಮ್‌ವೇರ್, ಅಂದರೆ ಕಾರ್ಡಿನೊಳಗೇ ಕೂತಿರುವ ತಂತ್ರಾಂಶ. ಟ್ರೂನ್ಯಾಸ್‌ಗೆ ಡಿಸ್ಕ್‌ಗಳನ್ನು ಇದ್ದಂತೆಯೇ ತೋರಿಸುವ ಐಟಿ ಮೋಡ್ ಬೇಕು, ರೇಡ್ (ಹಲವು ಡಿಸ್ಕ್ ಸೇರಿಸಿ ಒಂದಾಗಿ ತೋರಿಸುವುದು) ಮಾಡುವ ಐಆರ್ ಮೋಡ್ ಅಲ್ಲ. ‘ಸಾಸ್2ಫ್ಲಾಶ್’ (sas2flash) ಎಂಬ ತಂತ್ರಾಂಶದಲ್ಲೇ ಅದರ ಆವೃತ್ತಿ ಕಾಣುತ್ತದೆ. 20.00.07.00 ಇರಲಿ, 20ರ ಸರಣಿಯ ಮೊದಮೊದಲ ಬಿಡುಗಡೆಗಳು ತರಲೆ ಮಾಡಿದ್ದವು. ಕರೆಂಟ್ ಹೋಗಿಬರುವ ಹೊತ್ತಿನಲ್ಲಂತೂ ಫ್ಲಾಶ್ ಮಾಡಬೇಡಿ, ಅಂದರೆ ಹೊಸ ಫರ್ಮ್‌ವೇರ್ ತುಂಬಬೇಡಿ. ಇದೆಲ್ಲ ಮುಗಿಯುವವರೆಗೆ ಮುಖ್ಯ ಫೈಲ್‌ಗಳ ಪ್ರತಿ ಬೇರೆ ಕಡೆ ಇರಲಿ, ಸರಿಯಾಯಿತು ಅನ್ನಿಸಿದ ಮೇಲೆ ಒಂದು ಸ್ಕ್ರಬ್ (ಇಟ್ಟ ಡೇಟಾವನ್ನೆಲ್ಲ ಓದಿ ಸರಿಯಿದೆಯಾ ಅಂತ ನೋಡುವ ಪರಿಶೀಲನೆ) ಓಡಿಸಿ.

ಪ್ರಶ್ನೆ: ಇಂಥದ್ದೇ ಕಾರ್ಡ್ ಹಾಕಿದರೆ ನನ್ನ ಪಿಸಿ ಆನ್ ಆಗುವುದೇ ಇಲ್ಲ. ತೆಗೆದರೆ ಸರಿ.
– ಇನ್ನೊಬ್ಬರು, ಶಿರಸಿ

ಉತ್ತರ: ಸರ್ವರ್ ಕಂಪನಿಗಳ ಹೆಸರಿನಲ್ಲಿ ಬಂದ ಕಾರ್ಡ್ ಅಲ್ವಾ? ಕೆಲವು ಮದರ್‌ಬೋರ್ಡ್‌ಗಳಿಗೆ ಇವುಗಳ ಎಸ್‌ಎಂಬಸ್ (ಮದರ್‌ಬೋರ್ಡ್ ಮತ್ತು ಕಾರ್ಡ್ ಮಾತಾಡಿಕೊಳ್ಳುವ ಒಂದು ಸಣ್ಣ ದಾರಿ) ಸಂಪರ್ಕ ಆಗಿಬರುವುದಿಲ್ಲ. ಚಿಪ್ ಇರುವ ಬದಿಯಲ್ಲಿ, ಬ್ರಾಕೆಟ್ (ಕೇಸಿಗೆ ತಿರುಪು ಹಾಕುವ ಲೋಹದ ಪಟ್ಟಿ) ಕಡೆಯಿಂದ ಎಣಿಸಿ, ಸ್ಲಾಟ್‌ಗೆ ಹೋಗುವ ಅಂಚಿನ 5 ಮತ್ತು 6ನೇ ಪಿನ್ ಮೇಲೆ ಕ್ಯಾಪ್ಟಾನ್ (Kapton, ಬಿಸಿ ತಾಳುವ, ವಿದ್ಯುತ್ ಹರಿಯದ) ಟೇಪಿನ ಸಣ್ಣ ಚೂರು ಅಂಟಿಸಿ. ಪಕ್ಕದ ಪಿನ್‌ಗೆ ತಾಗಬಾರದು, ಅಷ್ಟೇ. ಆಗಲೂ ಆನ್ ಆಗದಿದ್ದರೆ ಬೇರೆ ಸ್ಲಾಟ್‌ನಲ್ಲಿ ಹಾಕಿ ನೋಡಿ.