ಸ್ಫೂರ್ತಿ ಬರೋ ತನಕ ಕಾಯ್ಬೇಕಾ?

ಪ್ರಶ್ನೆ: ಸರ್, ನನ್ನ ಮೊದಲ ಕಾದಂಬರಿ ಮೂರನೇ ಅಧ್ಯಾಯಕ್ಕೇ ನಿಂತೋಗಿದೆ. ಸ್ಫೂರ್ತಿ ಬರ್ಲಿ ಅಂತ ಕಾಯ್ಲಾ, ಇಲ್ಲಾ ಸುಮ್ನೆ ಬರೀತಾ ಹೋಗ್ಲಾ?

ಉತ್ತರ: ಕಾಯ್ಬೇಡಿ. ಸ್ಫೂರ್ತಿ ಮೊದಲ ಪುಟಕ್ಕೆ ಸಾಕಾಗತ್ತೆ ಅಷ್ಟೇ, ಆಮೇಲಿಂದೆಲ್ಲ ಕೂತು ಬರೆಯೋ ಕೆಲಸ. ನನಗೆ ಕತೆ ಪ್ಲಾಟ್‌ನಿಂದ, ಅಂದ್ರೆ ಮೊದಲೇ ಹೆಣೆದಿಟ್ಟ ಘಟನೆಗಳಿಂದ ಹುಟ್ಟಲ್ಲ, ಪಾತ್ರದಿಂದ ಹುಟ್ಟತ್ತೆ. ಒಬ್ಬ ಹೆಂಗಸು ಬೀಗ ಹಾಕಿದ್ಮೇಲೂ ಮತ್ತೆ ಮತ್ತೆ ಬಾಗಿಲು ಎಳೆದು ನೋಡ್ತಿದ್ಲು, ಯಾಕಿರಬಹುದು ಅಂತ ಕೇಳ್ಕೊಂಡು ಹೋಗಿದ್ದೇ ಒಂದು ಕಾದಂಬರಿ ಆಯ್ತು (ನಿಜವಾದ ಕಾರಣ ಇವತ್ತಿಗೂ ಗೊತ್ತಿಲ್ಲ, ಬೇಕಾಗೂ ಇಲ್ಲ). ನಿಮ್ಮ ಪಾತ್ರಕ್ಕೆ ಏನು ಬೇಕು ಅಂತ ಬಹುಶಃ ನಿಮಗೇ ಇನ್ನೂ ಗೊತ್ತಾಗಿಲ್ಲ. ಅಧ್ಯಾಯ ಪಕ್ಕಕ್ಕಿಡಿ, ಆ ಪಾತ್ರ ಯಾರಿಗಾದ್ರೂ ಸುಳ್ಳು ಹೇಳೋ ಒಂದು ಸೀನ್ ಬರೆದು ಜೋರಾಗಿ ಓದಿ, ನಾಲಿಗೆ ತಡವರಿಸೋ ಕಡೆ ಡೈಲಾಗ್ ನಿಮ್ದು, ಪಾತ್ರದ್ದಲ್ಲ. ಮತ್ತೆ ಮುಂದಿನ ಸಾಲು ಗೊತ್ತಿರುವಾಗಲೇ ಆ ದಿನದ ಬರವಣಿಗೆ ನಿಲ್ಲಿಸಿ, ಮಾರನೇ ದಿನ ಖಾಲಿ ಹಾಳೆ ನೋಡ್ಕೊಂಡು ಕೂರೋದು ತಪ್ಪತ್ತೆ.