ಆನ್‌ಲೈನ್ ಕನ್ನಡ ತರಗತಿಯಲ್ಲಿ ಮಕ್ಕಳ ಮೈಚಳಿ ಬಿಡಿಸಲು ಯಾವ ಆಟಗಳನ್ನು ಆಡಿಸಬಹುದು?

ನೀವು ಬರೆದಿರುವುದು ಇಷ್ಟು: ಹೊರದೇಶಗಳಲ್ಲಿರುವ ಕನ್ನಡಿಗರ ಮಕ್ಕಳಿಗೆ, ಎಂಟರಿಂದ ಹನ್ನೆರಡು ವರ್ಷದವರಿಗೆ, ವಾರಕ್ಕೊಮ್ಮೆ ಜೂಮ್‌ನಲ್ಲಿ ಕನ್ನಡ ಕಲಿಸಲು ಹೊಸದಾಗಿ ಶುರು ಮಾಡಿದ್ದೀರಿ. ‘ನಿಮ್ಮ ಪರಿಚಯ ಹೇಳಿ’ ಎಂದ ಕೂಡಲೇ ಅರ್ಧ ಮಕ್ಕಳು ಕ್ಯಾಮೆರಾ ಆರಿಸುತ್ತಾರೆ, ಉಳಿದವರು ಪಕ್ಕದಲ್ಲಿ ಕುಳಿತ ಅಮ್ಮನ ಮುಖ ನೋಡುತ್ತಾರೆ. ಇಷ್ಟು ವಾರಗಳಾದರೂ ಬಾಯಿ ಬಿಡದ ಒಬ್ಬ ಹುಡುಗಿಯೂ ಇದ್ದಾಳೆ. ನಾನು ಮೈಸೂರಿನಿಂದ ಇಂಥದೇ ಒಂದು ಶನಿವಾರದ ತರಗತಿ ನಡೆಸುತ್ತೇನೆ, ಆದ್ದರಿಂದ ನಿಮ್ಮ ಪಾಡು ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು, ಪರಿಚಯ ಹೇಳಿಸುವುದನ್ನು ಬಿಟ್ಟುಬಿಡಿ. ‘ನನ್ನ ಹೆಸರು ಇಂಥದು, ನಾನು ಇಂಥ ತರಗತಿಯಲ್ಲಿ ಓದುತ್ತೇನೆ, ನನ್ನ ಹವ್ಯಾಸ ಈಜು’ ಎಂಬ ಮೂರು ವಾಕ್ಯಗಳಿಂದ ಯಾವ ಮಗುವೂ ಇನ್ನೊಂದು ಮಗುವಿನ ಗೆಳೆಯನಾಗಿಲ್ಲ. ಅದರ ಮೇಲೆ, ಸರಿಯಾಗಿ ಬಾರದ ಭಾಷೆಯಲ್ಲಿ, ಗುರುತಿಲ್ಲದ ಹತ್ತಾರು ಮುಖಗಳ ಎದುರು, ತನ್ನ ಬಗ್ಗೆಯೇ ಮಾತಾಡು ಎಂದರೆ ದೊಡ್ಡವರಿಗೂ ಗಂಟಲು ಒಣಗುತ್ತದೆ. ಶಾಲೆಯ ಕೋಣೆಯಲ್ಲಾದರೆ ಮಗು ಮುಂದಿನ ಬೆಂಚಿನವನ ಬೆನ್ನ ಹಿಂದೆ ಸರಿಯಬಹುದು. ಪರದೆಯ ಮೇಲೆ ಹಿಂದಿನ ಬೆಂಚು ಎಂಬುದೇ ಇಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿರುವಂತೆ ಕಾಣುತ್ತದೆ, ಸಾಲದ್ದಕ್ಕೆ ತನ್ನ ಮುಖವೂ ತನಗೇ ಕಾಣುತ್ತಿರುತ್ತದೆ. ವಿಡಿಯೋ ಕರೆಗಳು ಏಕೆ ಅಷ್ಟು ದಣಿಸುತ್ತವೆ ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆರೆಮಿ ಬೇಲೆನ್ಸನ್ 2021ರಲ್ಲಿ ಬರೆದ ಲೇಖನದಲ್ಲಿ ಕೊಟ್ಟ ನಾಲ್ಕು ಕಾರಣಗಳಲ್ಲಿ ಇವೆರಡೂ ಇವೆ. ಕದಲದೆ ಒಂದೇ ಕಡೆ ಕೂರಬೇಕಾಗುವುದು ಇನ್ನೊಂದು. ಹಾಗಾಗಿ ನನ್ನ ಕ್ರಮ ಹೀಗಿದೆ: ಮೊದಲು ಮಕ್ಕಳ ಕೈಗೆ ಕೆಲಸ, ಆಮೇಲೆ ಬಾಯಿಗೆ, ಮುಖ ತೋರಿಸುವುದು ಕೊನೆಗೆ. ಮುಂದೆ ಹೇಳುವ ಆಟಗಳೆಲ್ಲ ಈ ಸಾಲಿನಲ್ಲೇ ಬರುತ್ತವೆ.

ನನಗೆ ಅತ್ಯಂತ ನಂಬಿಕೆಯಿರುವುದು ಅಡುಗೆಮನೆ ಓಟದ ಮೇಲೆ. ನೀವು ಇಪ್ಪತ್ತು ಎಣಿಸುವುದರೊಳಗೆ ಮಕ್ಕಳು ಅಡುಗೆಮನೆಗೆ ಓಡಿ ಒಂದು ವಸ್ತು ತರಬೇಕು. ಕನ್ನಡದಲ್ಲೇ ಎಣಿಸಿ, ಹದಿನೈದು ದಾಟಿದ ಮೇಲೆ ದನಿ ಏರಿಸಿ. ಒಲೆಯ ಹತ್ತಿರ ಹೋಗಬಾರದು, ಚಾಕು ಮತ್ತು ಗಾಜು ಮುಟ್ಟಬಾರದು ಎಂದು ಮೊದಲೇ ಹೇಳಿಬಿಡಿ. ಏನು ತರಬೇಕು ಎಂಬುದರಲ್ಲಿ ಸ್ವಲ್ಪ ಜಾಣತನ ಬೇಕು. ‘ನಿನಗೆ ತುಂಬಾ ಇಷ್ಟವಾದ ವಸ್ತು’ ಎಂದರೆ ಯಾರ ಮನೆಯಲ್ಲಿ ಎಷ್ಟು ದುಬಾರಿಯ ಆಟಿಕೆ ಇದೆ ಎಂಬ ಮೆರವಣಿಗೆಯಾಗುತ್ತದೆ. ‘ಗುಂಡಗಿರುವುದು’, ‘ಶಬ್ದ ಮಾಡುವುದು’, ‘ತೂತುಗಳಿರುವುದು’ ಎಂದು ಹೇಳಿ. ಒಬ್ಬ ಜರಡಿ ತರುತ್ತಾನೆ, ಒಬ್ಬಳು ಚಹಾ ಸೋಸುವ ಜಾಲರಿ, ಮತ್ತೊಬ್ಬ ಬ್ರೆಡ್ ತಂದು ಇದರಲ್ಲೂ ತೂತುಗಳಿವೆ ಎಂದು ವಾದಿಸುತ್ತಾನೆ. ಆ ವಾದದಲ್ಲಿ ಅವನು ಗೆಲ್ಲಲಿ.

ತಂದದ್ದನ್ನು ತಕ್ಷಣ ತೋರಿಸಲು ಹೇಳಬೇಡಿ. ಒಂದು ಮಗು ತನ್ನ ವಸ್ತುವನ್ನು ಪರದೆಗೆ ಕಾಣದಂತೆ ಹಿಡಿದುಕೊಂಡಿರಲಿ, ಉಳಿದವರು ಪ್ರಶ್ನೆ ಕೇಳಲಿ: ಅದು ಮರದ್ದೇ? ಅದರಲ್ಲಿ ನೀರು ನಿಲ್ಲುತ್ತದೆಯೇ? ಚಪಾತಿ ಮಾಡಲು ಬೇಕೇ? ಹಿಡಿದುಕೊಂಡ ಮಗು ‘ಹೌದು’ ಅಥವಾ ‘ಇಲ್ಲ’ ಎಂದರೆ ಸಾಕು. ತರಗತಿಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವ ಮಗುವೇ ಆಗ ಆಟದ ನಡುಮಧ್ಯದಲ್ಲಿರುತ್ತದೆ, ಗುಟ್ಟು ಅದರ ಕೈಯಲ್ಲಿರುತ್ತದೆ. ಕ್ಯಾಮೆರಾ ಆರಿಸಿಕೊಂಡಿದ್ದರೂ ಈ ಆಟ ನಿಲ್ಲುವುದಿಲ್ಲ. ಕೊನೆಗೆ ಲಟ್ಟಣಿಗೆಯನ್ನು ಎತ್ತಿ ತೋರಿಸುವ ಆಸೆಗೆ ಎಷ್ಟೋ ಮಕ್ಕಳು ತಾವಾಗಿಯೇ ಕ್ಯಾಮೆರಾ ಹಾಕುತ್ತಾರೆ. ಸೌಟು, ಲಟ್ಟಣಿಗೆ, ಜರಡಿ ಎಂಬ ಪದಗಳು ಪಾಠದಲ್ಲಿ ಬಂದರೆ ಮರೆತುಹೋಗುತ್ತವೆ, ಹೀಗೆ ಬಂದರೆ ಉಳಿಯುತ್ತವೆ. ಆದರೆ ಆಟದ ನಡುವೆ ಉಚ್ಚಾರಣೆ ತಿದ್ದಲು ಹೋಗಬೇಡಿ. ಒಮ್ಮೆ ತಿದ್ದಿದರೆ ಅದು ಆಟವಲ್ಲ, ಪರೀಕ್ಷೆ ಎಂದು ಮಕ್ಕಳಿಗೆ ಗೊತ್ತಾಗಿಬಿಡುತ್ತದೆ.

ಕ್ಯಾಮೆರಾ ಕಡ್ಡಾಯ ಮಾಡಬೇಕೇ ಎಂದೂ ಕೇಳಿದ್ದೀರಿ. ಬೇಡ. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾಸ್ಟೆಲಿ ಮತ್ತು ಸರ್ವರಿ ಎಂಬ ಇಬ್ಬರು ತಮ್ಮ ವಿದ್ಯಾರ್ಥಿಗಳನ್ನು ಕೇಳಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಮೆರಾ ಹಾಕದಿರಲು ಹೆಚ್ಚು ಮಂದಿ ಕೊಟ್ಟ ಕಾರಣ ‘ನಾನು ಹೇಗೆ ಕಾಣುತ್ತೇನೋ’ ಎಂಬ ಅಳುಕು. ಹಿನ್ನೆಲೆಯಲ್ಲಿ ಮನೆಯವರು ಕಾಣುತ್ತಾರೆ, ಇಂಟರ್ನೆಟ್ ಸಾಲದು ಎಂಬವೂ ಇದ್ದವು. ಅವರು ಕಾಲೇಜಿನವರು ನಿಜ, ಆದರೆ ಹತ್ತು ದಾಟಿದ ಮಕ್ಕಳಲ್ಲೂ ನಾನು ಇದೇ ಅಳುಕನ್ನು ಕಂಡಿದ್ದೇನೆ. ತನ್ನ ಮುಖ ತನಗೆ ಕಾಣದಂತೆ ಮಾಡುವ ಆಯ್ಕೆ ಜೂಮ್‌ನಲ್ಲಿದೆ. ಅದನ್ನು ಹೇಗೆ ಬಳಸುವುದೆಂದು ಮೊದಲ ದಿನವೇ ತೋರಿಸಿಕೊಡಿ.

ಇನ್ನು ಕಿಟಕಿಯ ಆಟ. ಬೇರೆ ಬೇರೆ ದೇಶದ ಮಕ್ಕಳಿರುವ ತರಗತಿಗೆ ಇದಕ್ಕಿಂತ ಒಗ್ಗುವುದು ಇನ್ನೊಂದಿಲ್ಲ. ಬೇಸಿಗೆಯಲ್ಲಿ ಇಲ್ಲಿ ರಾತ್ರಿ 8:30 ಆದಾಗ ದುಬೈನಲ್ಲಿ ಏಳು ಗಂಟೆ, ಲಂಡನ್‌ನಲ್ಲಿ ಸಂಜೆ ನಾಲ್ಕು, ನ್ಯೂಜೆರ್ಸಿಯಲ್ಲಿ ಬೆಳಗಿನ ಹನ್ನೊಂದು, ಸಿಯಾಟಲ್‌ನಲ್ಲಿ ಎಂಟು. ಒಬ್ಬನ ಬಾಯಲ್ಲಿ ಇನ್ನೂ ಹಲ್ಲುಜ್ಜುವ ಬ್ರಷ್, ಇನ್ನೊಬ್ಬಳದು ಊಟ ಮುಗಿದಿದೆ. ಲ್ಯಾಪ್‌ಟಾಪನ್ನು ಕಿಟಕಿಯ ಕಡೆ ತಿರುಗಿಸಿ ಅಥವಾ ಸುಮ್ಮನೆ ಹೊರಗೆ ನೋಡಿ, ಕಂಡದ್ದನ್ನು ಮೂರೇ ಪದಗಳಲ್ಲಿ ಹೇಳಬೇಕು: ‘ಮಳೆ, ಕಾರು, ಅಳಿಲು.’ ಯಾರದು ಯಾವ ಊರು ಎಂದು ಉಳಿದವರು ಊಹಿಸಬೇಕು. ಮನೆಯ ಸಂಖ್ಯೆ, ಬೀದಿಯ ಫಲಕ, ಶಾಲೆಯ ಹೆಸರು ಕಾಣಬಾರದು ಎಂಬ ನಿಯಮ ಇರಲಿ, ಆ ಹೊತ್ತಿನಲ್ಲಿ ರೆಕಾರ್ಡಿಂಗ್ ಬೇಡ. ಡಿಸೆಂಬರ್‌ನಲ್ಲಿ ಲಂಡನ್‌ನ ಹುಡುಗ ‘ನಮ್ಮಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ’ ಎಂದಾಗ ದುಬೈನ ಮಕ್ಕಳು ನಂಬುವುದೇ ಇಲ್ಲ. ಅಲ್ಲಿಂದ ಮಾತು ತಾನಾಗಿಯೇ ಹರಿಯುತ್ತದೆ, ನೀವು ಸುಮ್ಮನಿರಬಹುದು. (ಇಲ್ಲೊಂದು ಎಚ್ಚರಿಕೆ: ಬ್ರಿಟನ್ನಿನಲ್ಲಿ ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕದಲ್ಲಿ ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಪೋಷಕರಿಗೆ ಮುಂಚಿತವಾಗಿ ಸಂದೇಶ ಕಳುಹಿಸದಿದ್ದರೆ ಅದರ ಮುಂದಿನ ಶನಿವಾರಗಳಲ್ಲಿ ಅರ್ಧ ತರಗತಿ ಖಾಲಿ.)

ಚಾಟ್ ಪೆಟ್ಟಿಗೆಯನ್ನು ಬಳಸುವಾಗ ಒಂದು ಉಪಾಯ ನೆನಪಿಡಿ. ‘ನಿಮಗೆ ಇಷ್ಟವಾದ ತಿಂಡಿ ಯಾವುದು?’ ಎಂದು ಕೇಳಿದರೆ ಮೊದಲನೆಯವನು ದೋಸೆ ಎನ್ನುತ್ತಾನೆ, ಮರುಕ್ಷಣದಲ್ಲಿ ಭೂಲೋಕದ ಮಕ್ಕಳೆಲ್ಲ ದೋಸೆಪ್ರಿಯರಾಗುತ್ತಾರೆ. ಅದಕ್ಕೆ, ಎಲ್ಲರೂ ಉತ್ತರ ಬರೆದು ಹಾಗೇ ಇಟ್ಟುಕೊಳ್ಳಲಿ. ನೀವು ‘ಒಂದು, ಎರಡು, ಮೂರು’ ಎಂದಾಗ ಒಟ್ಟಿಗೆ ಕಳುಹಿಸಲಿ. ಕನ್ನಡ ಕೀಲಿಮಣೆ ಬಾರದವರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲಿ, ಚಿತ್ರವಾದರೂ ಹಾಕಲಿ, ಪರವಾಗಿಲ್ಲ. ಬಂದ ಉತ್ತರಗಳನ್ನು ನೀವೇ ಗಟ್ಟಿಯಾಗಿ ಓದಿ. ‘ಅರೆ, ಇಬ್ಬರು ಅವಲಕ್ಕಿ ಎಂದಿದ್ದಾರೆ!’ ಎಂದರೆ ಆ ಇಬ್ಬರು ಒಬ್ಬರನ್ನೊಬ್ಬರು ಹುಡುಕುವುದು ಪರದೆಯ ಮೇಲೆಯೇ ಕಾಣುತ್ತದೆ.

ಹಿಂದಿನ ಪದದ ಕೊನೆಯ ಅಕ್ಷರದಿಂದ ಮುಂದಿನ ಪದ ಹೇಳುವ ಪದಬಂಡಿ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಆಟ, ಆದರೆ ಜೂಮ್‌ಗೆ ತರುವಾಗ ಎರಡು ಕಡೆ ಎಡವುತ್ತದೆ. ಒಂದು, ‘ಪಕ್ಕದವರು ಹೇಳಿ’ ಎನ್ನುವಂತಿಲ್ಲ. ಪರದೆಯ ಮೇಲೆ ಮುಖಗಳ ಸಾಲು ಒಬ್ಬೊಬ್ಬರಿಗೆ ಒಂದೊಂದು ರೀತಿ ಕಾಣುತ್ತದೆ, ನಿಮ್ಮ ಪಕ್ಕದವರು ಅವಳ ಪಕ್ಕದವರಲ್ಲ. ಮುಂದಿನವರನ್ನು ಮಕ್ಕಳೇ ಹೆಸರಿಸಲಿ ಎಂದರೆ ಕೊನೆಯವರೆಗೂ ಯಾರೂ ಕರೆಯದ ಒಂದು ಮಗು ಉಳಿದುಬಿಡುತ್ತದೆ. ಅದು ಆಟವೇ ಇಲ್ಲದಿರುವುದಕ್ಕಿಂತ ಕೆಟ್ಟದು. ಹೆಸರುಗಳ ಸರದಿಯನ್ನು ಚಾಟ್‌ನಲ್ಲಿ ಮೊದಲೇ ಹಾಕಿ. ಎರಡನೆಯದು ಅಕ್ಷರದ ತೊಡಕು. ಕಾಗೆ, ಗೆಳೆಯ, ಯಕ್ಷಗಾನ, ನವಿಲು ಎಂದು ಓಡುವ ಬಂಡಿ ‘ಲು’ ಬಂದಾಗ ನಿಂತುಬಿಡುತ್ತದೆ. ನಮ್ಮ ಪದಗಳಲ್ಲಿ ಉಕಾರಕ್ಕೆ ಮುಗಿಯುವವು ಬಹಳ. ಅದೇ ವ್ಯಂಜನದ ಯಾವ ಗುಣಿತಾಕ್ಷರವಾದರೂ ಸರಿ ಎಂದುಬಿಡಿ. ಲಟ್ಟಣಿಗೆ, ಗೆಜ್ಜೆ, ಜೇನು ಎಂದು ಮತ್ತೆ ಓಡುತ್ತದೆ. ‘ಳ’ ಬಂದರೆ ‘ಲ’, ‘ಣ’ ಬಂದರೆ ‘ನ’. ಪುಟ್ಟ ಮಕ್ಕಳು ಳಕಾರದಿಂದ ಶುರುವಾಗುವ ಪದ ಹುಡುಕಿ ಅಳುವಂತಾಗಬಾರದು.

ಒಟ್ಟಿಗೆ ಹಾಡಿಸುವ ಆಸೆ ನಿಮಗೆ ಬಂದೇ ಬರುತ್ತದೆ, ತಡೆದುಕೊಳ್ಳಿ. ದನಿ ಒಬ್ಬೊಬ್ಬರಿಂದ ಒಂದೊಂದು ಹೊತ್ತಿಗೆ ತಲುಪುವುದರಿಂದ ತಾಳ ಕೂಡುವುದೇ ಇಲ್ಲ. ಹಾಡಲೇಬೇಕೆಂದರೆ ಒಬ್ಬರ ಮೈಕ್ ಮಾತ್ರ ತೆರೆದಿರಲಿ, ಉಳಿದವರು ಮೈಕ್ ಮುಚ್ಚಿ ತಮ್ಮ ಮನೆಯಲ್ಲಿ ಹಾಡಿಕೊಂಡು ಕೈ ಆಡಿಸಲಿ. ಇದಕ್ಕಿಂತ ಕಣ್ಣು ಮುಚ್ಚಿ ಆನೆ ಬರೆಯುವುದು ಮೇಲು. ಕಾಗದ, ಪೆನ್ಸಿಲ್, ಅರ್ಧ ನಿಮಿಷ. ಎಲ್ಲರ ಆನೆಯೂ ಕೆಟ್ಟದಾಗಿಯೇ ಇರುತ್ತದೆ. ಬಾಲ ಸೊಂಡಿಲಿಗೆ ಅಂಟಿರುತ್ತದೆ, ಕಣ್ಣು ಹೊಟ್ಟೆಯಲ್ಲಿರುತ್ತದೆ. ಚೆನ್ನಾಗಿ ಚಿತ್ರ ಬಿಡಿಸುವ ಮಗುವಿಗೂ ಇಲ್ಲಿ ಮೇಲುಗೈ ಇಲ್ಲ. ಎಲ್ಲರೂ ಒಮ್ಮೆಲೇ ಕಾಗದ ಎತ್ತಿ ಹಿಡಿದಾಗ ಬರುವ ನಗುವನ್ನು ನೀವೇ ಕೇಳಿ. ನಿಮ್ಮ ಆನೆಯನ್ನೂ ತೋರಿಸಬೇಕು, ಅದು ಷರತ್ತು.

ಎರಡು ನಿಜ, ಒಂದು ಸುಳ್ಳು ಎಂಬ ಆಟವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅಷ್ಟು ಇಷ್ಟವಿಲ್ಲ. ಸಣ್ಣವರಿಗೆ ಸುಳ್ಳು ಕಟ್ಟಲು ಬರುವುದಿಲ್ಲ, ಕಟ್ಟಿದರೂ ಹೇಳುವ ಮುಂಚೆಯೇ ನಕ್ಕುಬಿಡುತ್ತಾರೆ. ಹನ್ನೊಂದು ದಾಟಿದವರಿಗೆ ಆಡಿಸಬಹುದು. ನಾಲ್ಕು ಜನರಂತೆ ಬೇರೆ ಬೇರೆ ಕೋಣೆಗಳಿಗೆ ಕಳುಹಿಸುವ ಸೌಲಭ್ಯವನ್ನು ಈ ವಯಸ್ಸಿನ ಮಕ್ಕಳಿಗೆ ನಾನು ಬಳಸುವುದಿಲ್ಲ, ಪ್ರತಿ ಕೋಣೆಯಲ್ಲೂ ದೊಡ್ಡವರೊಬ್ಬರು ಇದ್ದರೆ ಮಾತು ಬೇರೆ. ಒಗಟು ಒಳ್ಳೆಯದು, ಆದರೆ ಉತ್ತರ ಆ ಮಕ್ಕಳ ಕಣ್ಣಿಗೆ ಬೀಳುವಂಥದ್ದಾಗಿರಲಿ. ‘ಹಸಿರು ಕೋಟೆ, ಬಿಳಿ ಸಾಮ್ರಾಜ್ಯ, ಕಪ್ಪು ಪ್ರಜೆಗಳು’ ಎಂದರೆ ಸೀತಾಫಲವನ್ನೇ ನೋಡದ ಮಗು ಏನು ಮಾಡೀತು? ಊರಿನಿಂದ ಬಂದ ಅಜ್ಜಿಯೋ ತಾತನೋ ಯಾರದಾದರೂ ಮನೆಯಲ್ಲಿದ್ದರೆ ಅವರನ್ನೇ ಪರದೆಯ ಮುಂದೆ ಕೂರಿಸಿ ಒಗಟು ಹೇಳಿಸಿ. ಆ ವಾರ ಆ ಮಗುವಿನ ಗತ್ತೇ ಬೇರೆ.

ಸಮಯದ ಲೆಕ್ಕವನ್ನೂ ನೋಡಿಕೊಳ್ಳಿ. ಜೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ಕರೆ ಮುಗಿಸುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ ಹೊರತಂದ ‘ಪ್ರಜ್ಞಾತಾ’ ಮಾರ್ಗಸೂಚಿಯೂ ಒಂದರಿಂದ ಎಂಟನೇ ತರಗತಿಯವರಿಗೆ ಒಂದು ಅವಧಿ 30ರಿಂದ 45 ನಿಮಿಷ ಸಾಕು ಎಂದಿತ್ತು. ಅದರಲ್ಲಿ ಆಟಕ್ಕೆ ಏಳೆಂಟು ನಿಮಿಷ, ಒಂದು ದಿನಕ್ಕೆ ಒಂದೇ ಆಟ. ಮಕ್ಕಳು ‘ಇನ್ನೊಂದು ಸಲ’ ಎನ್ನುತ್ತಿರುವಾಗಲೇ ನಿಲ್ಲಿಸಿ. ಯಾರು ಏನು ಹೇಳಿದರು ಎಂಬುದನ್ನು ಒಂದು ಪುಸ್ತಕದಲ್ಲಿ ಗೀಚಿಟ್ಟುಕೊಳ್ಳಿ. ಮುಂದಿನ ಶನಿವಾರ ‘ನಿನ್ನ ಕಿಟಕಿಯ ಅಳಿಲು ಬಂದಿತ್ತೇ?’ ಎಂದು ಕೇಳಿದರೆ ಆ ಪ್ರಶ್ನೆ ಎಲ್ಲ ಆಟಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನೂ ಕಲಿಯಬೇಕು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಅದು ಎದುರುಬದುರು ಕೂತ ತರಗತಿಯ ಲೆಕ್ಕ. ಇಲ್ಲಿ ಮಗು ಮನಸ್ಸಿನಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರಬೇಕು, ಮೈಕ್ ಒತ್ತಬೇಕು, ದನಿ ತಲುಪಬೇಕು. ನಾನು ಹತ್ತರವರೆಗೆ ಮನಸ್ಸಿನಲ್ಲೇ ಎಣಿಸುತ್ತೇನೆ. ಪಕ್ಕದಲ್ಲಿ ಕುಳಿತ ಅಮ್ಮಂದಿರಿಗೆ ಅಷ್ಟು ಹೊತ್ತಿನ ಮೌನ ತಡೆಯಲಾಗದು, ಪಿಸುಗುಟ್ಟಿಬಿಡುತ್ತಾರೆ. ಮೊದಲ ತರಗತಿಗೆ ಅವರೂ ಇರಲಿ, ಓಟದಲ್ಲಿ ಅವರೂ ಓಡಲಿ. ಎರಡನೆಯ ವಾರದಿಂದ ದಯವಿಟ್ಟು ಪಕ್ಕದ ಕೋಣೆಯಲ್ಲಿರಿ ಎಂದು ನಯವಾಗಿ ಹೇಳಿ.

ಇನ್ನು ಬಾಯಿ ಬಿಡದ ಆ ಹುಡುಗಿ. ಅವಳನ್ನು ಹೆಸರು ಹಿಡಿದು ‘ನೀನು ಏಕೆ ಮಾತಾಡುತ್ತಿಲ್ಲ, ಪುಟ್ಟಿ?’ ಎಂದು ಎಲ್ಲರೆದುರು ಕೇಳಬೇಡಿ. ಅವಳಿಗೊಂದು ಕೆಲಸ ಕೊಡಿ. ಆಟ ಶುರುವಾಗುವುದಕ್ಕೆ ಅವಳು ಹೆಬ್ಬೆರಳು ಎತ್ತಬೇಕು, ಅವಳು ಎತ್ತುವ ತನಕ ಯಾರೂ ಓಡುವಂತಿಲ್ಲ. ಕ್ಯಾಮೆರಾ ಹಾಕಿರದಿದ್ದರೆ ಜೂಮ್‌ನಲ್ಲೇ ಹೆಬ್ಬೆರಳಿನ ಚಿಹ್ನೆ ಇದೆ. ಕೆಲವು ವಾರ ಅಷ್ಟೇ ಇರಲಿ. ಆಮೇಲೆ ಹೆಬ್ಬೆರಳಿನ ಬದಲು ‘ಓಡಿ’ ಎಂಬ ಒಂದೇ ಪದವನ್ನು ಚಾಟ್‌ನಲ್ಲಿ ಹಾಕಲಿ. ಅದನ್ನು ಬಾಯಲ್ಲಿ ಯಾವಾಗ ಹೇಳಬೇಕು ಎಂಬುದು ಅವಳಿಗೆ ಬಿಟ್ಟದ್ದು. ಹೇಳಿದ ದಿನ ನೀವು ಚಪ್ಪಾಳೆ ತಟ್ಟಬೇಡಿ, ಎಂದಿನಂತೆ ಎಣಿಸಲು ಶುರು ಮಾಡಿ.