ಯಾದಗಿರಿಯಂಥ ಊರಿನ ನರ್ಸ್‌ಗೆ ಜೈವಿಕ ದಾಳಿಯ ತರಬೇತಿ ಯಾಕೆ?

ನೀವು ಯಾದಗಿರಿ ಜಿಲ್ಲೆಯ ತಾಲೂಕು ಆಸ್ಪತ್ರೆಯಲ್ಲಿ ನರ್ಸಿಂಗ್ ಆಫೀಸರ್. ವಿಪತ್ತು ಮತ್ತು ಜೈವಿಕ ದಾಳಿ ಎದುರಿಸುವ ತರಬೇತಿಗೆ ಹೋಗಿ ಅಂತ ಆದೇಶ ಬಂದಿದೆ. ‘ನಮ್ಮೂರಿಗೆ ಯಾರು ಬಂದು ದಾಳಿ ಮಾಡ್ತಾರೆ, ಸುಮ್ನೆ ಕಾಟಾಚಾರ ಅಲ್ವಾ’ ಅಂತ ಕೇಳಿದ್ದೀರಿ.

ನಾನು ಕಲಬುರಗಿಯಲ್ಲಿ ನರ್ಸಿಂಗ್ ಕಲಿಸುತ್ತೇನೆ. ಇಂಥ ತರಬೇತಿಗಳಲ್ಲಿ ಕೂತಿದ್ದೇನೆ, ಕೆಲವನ್ನು ನಡೆಸಿಯೂ ಇದ್ದೇನೆ. ಕಾಟಾಚಾರದ ಮಾತು ಬಹುಮಟ್ಟಿಗೆ ನಿಜ. ಬ್ಯಾನರ್, ಪಿಪಿಟಿ, ಊಟ, ಗ್ರೂಪ್ ಫೋಟೋ, ಮುಗೀತು. ಆದರೆ ‘ನಮ್ಮೂರಿಗೆ ಯಾರು ಬರ್ತಾರೆ’ ಅನ್ನೋದನ್ನ ನಾನು ಒಪ್ಪಲ್ಲ.

1984ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ದಿ ಡ್ಯಾಲ್ಸ್ ಅನ್ನೋ ಸಣ್ಣ ಊರಿನಲ್ಲಿ ಏನಾಯಿತು ನೋಡಿ. ರಜನೀಶ್ ಆಶ್ರಮದ ಕೆಲವರು ಅಲ್ಲಿನ ಹತ್ತು ಹೋಟೆಲ್‌ಗಳ ಸಲಾಡ್‌ಗೆ ಸಾಲ್ಮೊನೆಲ್ಲಾ ಅನ್ನೋ ವಾಂತಿ-ಭೇದಿ ತರಿಸೋ ರೋಗಾಣು ಬೆರೆಸಿದರು. ಕಾರಣ ಅಲ್ಲಿನ ಸ್ಥಳೀಯ ಚುನಾವಣೆ. ಮತ ಹಾಕೋರು ಮಲಗಿಬಿಡಲಿ ಅಂತ! 751 ಜನ ಕಾಯಿಲೆ ಬಿದ್ದರು, ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಮೊದಲಿಗೆ ತಪ್ಪು ಹೊರಿಸಿದ್ದು ಹೋಟೆಲ್ ಕೆಲಸಗಾರರ ಮೇಲೆ, ಕೈ ತೊಳೆದಿಲ್ಲ ಅಂತ. ಬೇಕಂತಲೇ ಮಾಡಿದ್ದು ಅಂತ ಹೊರಬೀಳಲು ವರ್ಷವೇ ಹಿಡಿಯಿತು. ದೊಡ್ಡ ನಗರವಲ್ಲ, ಸೇನಾ ನೆಲೆಯಲ್ಲ. ಪಂಚಾಯಿತಿ ಮಟ್ಟದ ಜಗಳ.

ನಮ್ಮಲ್ಲಿ ಒಂದು ಓಣಿಯಿಂದ ಸಾಲಾಗಿ ವಾಂತಿ-ಭೇದಿ ಕೇಸ್ ಬಂದರೆ ಪೈಪ್ ಒಡೆದು ಚರಂಡಿ ನೀರು ಸೇರಿರಬೇಕು ಅಂತೀವಿ. ಬಹುತೇಕ ಅದೇ ಇರುತ್ತೆ. ಬೇಕಂತ ಬೆರೆಸಿದ್ದೋ ಇಲ್ಲವೋ ಅನ್ನೋದನ್ನ ಪೊಲೀಸರು ನೋಡಿಕೊಳ್ಳಲಿ. ನಿಮ್ಮ ಕೆಲಸ ಎರಡಕ್ಕೂ ಒಂದೇ. ಎಲ್ಲಿ ಉಂಡರು, ಯಾವ ನೀರು ಕುಡಿದರು, ಮನೆಯಲ್ಲಿ ಇನ್ಯಾರಿಗಿದೆ ಅಂತ ಕೇಳಬೇಕು, ಬರೆದಿಡಬೇಕು, ಅವತ್ತೇ ರೋಗಗಳ ಮೇಲೆ ಕಣ್ಣಿಡೋ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ತಿಳಿಸಬೇಕು. ಬಾಂಬ್ ಸಿಡಿದರೆ ಮೊದಲು ಓಡೋದು ಪೊಲೀಸ್, ಅಗ್ನಿಶಾಮಕದವರು. ರೋಗಾಣು ಬಿಟ್ಟರೆ ಯಾರಿಗೂ ಗೊತ್ತೇ ಆಗಲ್ಲ. ಸೋಂಕು ತಗುಲಿದವರು ಕೆಲವು ದಿನ ಬಿಟ್ಟು ಜ್ವರ ಅಂತ ಚೀಟಿ ಮಾಡಿಸಿಕೊಂಡು ಒಪಿಡಿ ಸಾಲಲ್ಲಿ ನಿಂತಿರುತ್ತಾರೆ. ಮೊದಲು ನೋಡೋರು ನೀವೇ. ಕೋವಿಡ್ ಯಾರೋ ಬಿಟ್ಟ ಅಸ್ತ್ರ ಅಂತ ಹೇಳ್ತಿಲ್ಲ, ಆದರೆ ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಆಗಿದ್ದು ನಮ್ಮ ಕಲಬುರಗಿಯವರದು. ಆ ರೋಗಿಯನ್ನು ನೋಡಿದ ವೈದ್ಯರಿಗೂ ಸೋಂಕು ತಗುಲಿತ್ತು.

ಇನ್ನು ತರಬೇತಿಯಲ್ಲಿ ಯಾರೂ ಹೇಳದ ಒಂದು ವಿಷಯ. ರೋಗಾಣುವಿನ ಬದಲು ರಾಸಾಯನಿಕ ವಿಷ ಬಿಟ್ಟರೆ ಏನು ಮಾಡಬೇಕು ಅನ್ನೋದರ ಅರ್ಧ ಪಾಠ ನಿಮಗೆ ಆಗಲೇ ಬರುತ್ತೆ. ತೊಗರಿ, ಹತ್ತಿ ಬೆಳೆಯೋ ನಾಡು ನಮ್ಮದು. ಬೆಳೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವಾಗ ಹೊಲದಲ್ಲೇ ಬಿದ್ದವರು, ಸಿಟ್ಟಿಗೆ ಅದನ್ನೇ ಕುಡಿದು ಬಂದವರು, ಇಂಥವರನ್ನ ಎಷ್ಟು ನೋಡಿಲ್ಲ ನೀವು? ಕಣ್ಣಿನ ಪಾಪೆ ಸಣ್ಣ ಚುಕ್ಕೆ, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಎದೆಯಲ್ಲಿ ಗೊರಗೊರ. ಆರ್ಗ್ಯಾನೋಫಾಸ್ಫೇಟ್ ಅನ್ನೋ ಜಾತಿಯ ಕೀಟನಾಶಕ ಅಂತ ಬಾಗಿಲಲ್ಲೇ ಗುರುತು ಹಿಡಿಯುತ್ತೀರಿ. ಅದಕ್ಕೆ ಕೊಡೋ ಅಟ್ರೋಪಿನ್ ಮದ್ದನ್ನು ಪಾಪೆ ನೋಡಿ ನಿಲ್ಲಿಸಬಾರದು, ಗೊರಗೊರ ನಿಂತು ಎದೆ ಒಣಗಬೇಕು ಅನ್ನೋದೂ ಗೊತ್ತು. ಸಾರಿನ್ ಅನ್ನೋ ಯುದ್ಧದ ವಿಷ ಕೆಲಸ ಮಾಡೋದೂ ಹೀಗೇ. ಆ ಕೀಟನಾಶಕ ಕಟ್ಟಿಹಾಕೋ ನರಗಳ ಕಿಣ್ವವನ್ನೇ ಇದೂ ಕಟ್ಟಿಹಾಕುತ್ತೆ. ಕೊಡೋ ಮದ್ದೂ ಅದೇ ಅಟ್ರೋಪಿನ್, ಅದೇ ಪ್ಯಾಮ್ (ಪ್ರಾಲಿಡಾಕ್ಸಿಮ್).

1995ರ ಮಾರ್ಚ್ 20ರಂದು ಟೋಕಿಯೋ ಮೆಟ್ರೋ ರೈಲುಗಳಲ್ಲಿ ಸಾರಿನ್ ಬಿಟ್ಟಾಗ ಸೇಂಟ್ ಲ್ಯೂಕ್ಸ್ ಅನ್ನೋ ಒಂದೇ ಆಸ್ಪತ್ರೆಗೆ ಅವತ್ತು 640 ಜನ ಬಂದರು. ಆಂಬುಲೆನ್ಸ್‌ನಲ್ಲಿ ಬಂದವರಿಗಿಂತ ನಡೆದು, ಟ್ಯಾಕ್ಸಿ ಹಿಡಿದು ಬಂದವರೇ ಜಾಸ್ತಿ. ಮೊದಲಿಗೆ ವಿಷ ಯಾವುದು ಅಂತಲೇ ತಿಳಿದಿರಲಿಲ್ಲ. ಹಿಂದಿನ ವರ್ಷ ಮಾತ್ಸುಮೊತೊ ಊರಲ್ಲಿ ಇದೇ ವಿಷದ ಕೇಸ್ ನೋಡಿದ್ದ ವೈದ್ಯರೊಬ್ಬರು ಟಿವಿ ನೋಡಿ ಫೋನ್ ಮಾಡಿ ಹೇಳಿದರು. ಅಷ್ಟರಲ್ಲಿ ರೋಗಿಗಳ ಬಟ್ಟೆಯಲ್ಲಿದ್ದ ವಿಷ ಮುಚ್ಚಿದ ಕೋಣೆಗಳಲ್ಲಿ ಆವಿಯಾಗಿ ಹರಡಿತ್ತು. ಆಮೇಲೆ ವಿಚಾರಿಸಿದಾಗ ಸಿಬ್ಬಂದಿಯಲ್ಲಿ ಹತ್ತಿರಹತ್ತಿರ ನಾಲ್ಕರಲ್ಲಿ ಒಬ್ಬರಿಗೆ ಕಣ್ಣುನೋವು, ತಲೆನೋವಿನಂಥ ತೊಂದರೆ ಆಗಿತ್ತು ಅಂತ ಗೊತ್ತಾಯಿತು.

ಹಾಗಾಗಿ ನೀವು ತರಬೇತಿಯಲ್ಲಿ ಕೇಳಬೇಕಾದ್ದು ಸಾರಿನ್‌ನ ರಸಾಯನಶಾಸ್ತ್ರ ಅಲ್ಲ. ಬಟ್ಟೆ ಎಲ್ಲಿ ಬಿಚ್ಚಿಸೋದು? ಕ್ಯಾಜುವಾಲ್ಟಿ ಒಳಗೋ, ಹೊರಗೋ? ಹೊರಗಾದರೆ ಹೆಣ್ಣುಮಕ್ಕಳಿಗೆ ಮರೆ ಏನು? ಸೋಪು ಹಚ್ಚಿ ತೊಳೆಯಲು ಮೇ ತಿಂಗಳಲ್ಲಿ ನೀರು ಎಲ್ಲಿಂದ ಬರುತ್ತೆ? ತೆಗೆದ ಬಟ್ಟೆ ಯಾವ ಚೀಲಕ್ಕೆ, ಆ ಚೀಲ ಎಲ್ಲಿಗೆ? ಇದು ಬಗೆಹರಿದರೆ ನಾಳೆ ಕಡೇಚೂರು ಅಥವಾ ಹುಮನಾಬಾದ್ ಕಡೆ ಕಾರ್ಖಾನೆಯಲ್ಲಿ ಏನಾದರೂ ಸೋರಿದರೂ ಉಪಯೋಗಕ್ಕೆ ಬರುತ್ತೆ. ನನ್ನ ಲೆಕ್ಕದಲ್ಲಿ ಭಯೋತ್ಪಾದಕರಿಗಿಂತ ಅದರ ಸಾಧ್ಯತೆಯೇ ಜಾಸ್ತಿ.

ಪ್ರವಾಹದ ಬಗ್ಗೆ ನಿಮಗೆ ನಾನೇನು ಹೇಳಲಿ. ಬಸವಸಾಗರ ಜಲಾಶಯದಿಂದ ನೀರು ಬಿಟ್ಟಾಗ ಕೃಷ್ಣಾ ನದಿಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿ ಜನ ಈಚೆ ಬರಲಾಗದೆ ಕೂತದ್ದನ್ನ ನೀವೇ ಕಂಡಿರುತ್ತೀರಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಅಫಜಲಪುರ, ಜೇವರ್ಗಿ ಕಡೆಯೂ ಅದೇ ಪಾಡು. ದಿನ ತುಂಬಿದ ಬಸುರಿಯರು, ಡಯಾಲಿಸಿಸ್‌ನವರು, ಇನ್ಸುಲಿನ್‌ನವರು ಯಾರು ಅನ್ನೋ ಪಟ್ಟಿ ಆಶಾ ಕಾರ್ಯಕರ್ತೆಯರ ಹತ್ತಿರ ಮಳೆಗಾಲಕ್ಕೆ ಮೊದಲೇ ಇರಬೇಕು. ಕಾಳಜಿ ಕೇಂದ್ರ ತೆರೆದ ಮೇಲೆ ಹುಡುಕೋದಲ್ಲ. ಹಾವಿನ ಔಷಧ, ಬ್ಲೀಚಿಂಗ್ ಪೌಡರ್ ಕೂಡ ಹಾಗೇ.

ಟ್ರಯಾಜ್, ಅಂದರೆ ಯಾರನ್ನು ಮೊದಲು ನೋಡಬೇಕು ಅಂತ ರೋಗಿಗಳನ್ನು ವಿಂಗಡಿಸೋದು, ಅದನ್ನ ಮಾತ್ರ ಕೈಯಾರೆ ಮಾಡಿ ಕಲಿಯಿರಿ. ಕೆಂಪು, ಹಳದಿ, ಹಸಿರು, ಕಪ್ಪು ಪಟ್ಟಿ ಕಟ್ಟೋದು ಪರೀಕ್ಷೆಯಲ್ಲಿ ಸುಲಭ. ಕೂಲಿಯವರಿದ್ದ ಟ್ರ್ಯಾಕ್ಟರ್ ಪಲ್ಟಿಯಾಗಿ ಇಪ್ಪತ್ತು ಜನ ಒಟ್ಟಿಗೆ ಬಂದಾಗ ಕೂಗಾಡೋರ ಸುತ್ತಲೇ ಎಲ್ಲರೂ ಸೇರುತ್ತಾರೆ. ಸದ್ದಿಲ್ಲದೆ ಮೂಲೆಯಲ್ಲಿ ಮಲಗಿದವನ ಉಸಿರು ನಿಮಿಷಕ್ಕೆ ಮೂವತ್ತು ದಾಟಿರುತ್ತೆ. ಅವನೇ ಕೆಂಪು, ಮೊದಲು ನೋಡಬೇಕಾದವನು. ಹಿಂದೆ ನಿಂತು ಬೈಯೋ ಸಂಬಂಧಿಕರ ಪಾತ್ರಕ್ಕೂ ಅಣಕು ಕಾರ್ಯಾಚರಣೆಯಲ್ಲಿ ನಾಲ್ಕು ಜನರನ್ನ ನಿಲ್ಲಿಸಿ ಅಂತ ನಾನು ಯಾವಾಗಲೂ ಹಟ ಹಿಡಿಯುತ್ತೇನೆ. ಸಾಧ್ಯವಾದರೆ ರಾತ್ರಿ ಪಾಳಿಯಲ್ಲಿ, ಮೊದಲೇ ಹೇಳದೆ.

ಹೋಗಿ ಬನ್ನಿ. ಹೋಗೋ ಮೊದಲು ಆದೇಶದಲ್ಲಿ ಯಾರ್ಯಾರ ಹೆಸರಿದೆ ನೋಡಿ. ಸಾಮಾನ್ಯವಾಗಿ ಡಾಕ್ಟರ್, ನರ್ಸ್ ಅಷ್ಟೇ ಇರ್ತಾರೆ. ರೋಗಿಯನ್ನು ಮೊದಲು ಮುಟ್ಟೋರು ಆಂಬುಲೆನ್ಸ್ ಡ್ರೈವರ್, ಸ್ಟ್ರೆಚರ್ ತಳ್ಳೋರು, ಆಯಾ, ಗೇಟಿನ ವಾಚ್‌ಮನ್. ಅವರಲ್ಲಿ ಹೆಚ್ಚಿನವರು ಹೊರಗುತ್ತಿಗೆಯವರಾದ್ದರಿಂದ ಪಟ್ಟಿಯಲ್ಲೇ ಬರಲ್ಲ. ನಿಮ್ಮ ಆಡಳಿತ ವೈದ್ಯಾಧಿಕಾರಿಗಳಿಗೆ ಹೇಳಿ ಇಬ್ಬರನ್ನಾದರೂ ಸೇರಿಸಿಕೊಂಡು ಹೋಗಿ.